ಬೀಗರಿಗೆ ನಾಡನ್ನು ತೋರಿಸುವದು

ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ದೂರದಿಂದ ಬಂದ ಬೀಗರ ವ್ಯವಸ್ಥೆಯನ್ನು ನಮ್ಮ ಜನರು ಅಷ್ಟಾಗಿ ಆಲೋಚಿಸುವದಿಲ್ಲ. ಎಲೆ ಅಡಿಕೆ ಕೊಟ್ಟು, ಹಂದರದ ನೆರಳಿನಲ್ಲಿ ಕೂಡ್ರಿಸಿ, ಮರುದಿನ ಗಾಡಿ ಹತ್ತಿಸಿದರೆ ಕರ್ತವ್ಯವು ತೀರಿತೆಂದು ಭಾವಿಸುತ್ತೇವೆ. ಯುರೋಪದ ಪಟ್ಟಣಗಳಲ್ಲಿ ಲಗ್ನ ಮಾಡುವವರು, ಅತಿಥಿಗಳು ಶನಿವಾರ ರವಿವಾರಗಳಲ್ಲಿ ಏನೇನು ನೋಡಬೇಕೆಂಬುದನ್ನು ಮೊದಲೇ ಬರೆದು ಕಳಿಸುವದುಂಟು. ಅತಿಥಿಯನ್ನು ದೇವರೆಂದೆಣಿಸಿದ ನಾಡಿಗೆ ಇದು ಹೊಸ ಪಾಠವಾಗಬಾರದು. ಅದಕ್ಕೂ ಮಿಗಿಲಾದ ಕಾರಣವೊಂದಿದೆ. ಹೆಣ್ಣು ಕೊಟ್ಟವರು ವರನ ಮನೆ, ಹೊಲ, ದನಕರುಗಳನ್ನು ನೋಡಿಯೇ ಕೊಟ್ಟಿರುತ್ತಾರೆ. ಆದರೆ ತಮ್ಮ ಮಗಳು ಬಾಳಬೇಕಾದ ನಾಡು ಎಂಥದೆಂಬುದನ್ನು ಅವರಿಗೆ ತೋರಿಸುವವರು ಯಾರು?

ಕಲಘಟಗಿ ತಾಲೂಕಿನ ತಂಬೂರಿಗೆ ಬಂದ ಬೀಗರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವರಿಗೆ ಎರಡು ದಿನಗಳ ಬಿಡುವು ಇದೆಯೆಂದು ತಿಳಿಯಿರಿ. ಮೊದಲನೆಯ ದಿನ ಹೊತ್ತೇರುವ ಮುಂಚೆಯೇ ಊರ ಬಸವಣ್ಣನ ಗುಡಿಗೆ ಕರೆದೊಯ್ಯಬೇಕು. ವೈಶಾಖದ ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಿನಿಂದ ನಿಂತವನಿಗೆ ಶಿಲ್ಪವೂ ಕಾಣದು, ಭಕ್ತಿಯೂ ನಿಲ್ಲದು. ಈ ಗುಡಿಯು ಚಾಲುಕ್ಯರ ಕಾಲದ್ದು. ಎಂಟುನೂರು ವರುಷಗಳಿಗೂ ಮೇಲ್ಪಟ್ಟದ್ದು. ದಿನವೂ ಕೈಮುಗಿದು ಹೋಗುವ ಊರವರಲ್ಲಿ ಎಷ್ಟು ಜನರಿಗೆ ಇದರ ನೆನಪಿರುವದೋ! ಬೀಗರಿಗೆ ಹೇಳಬೇಕಾದ ನಿಮಿತ್ತದಿಂದಲಾದರೂ ಮನೆಯ ಹುಡುಗರು ಇದನ್ನು ಕಲಿಯುವರು.

ಕಲಘಟಗಿಯಲ್ಲಿ ನೋಡತಕ್ಕದ್ದು ಬಣ್ಣದ ತೊಟ್ಟಿಲು. ಕಟ್ಟಿಗೆಯ ಮೇಲೆ ಅರಗಿನ ಬಣ್ಣವನ್ನು ಕೊಟ್ಟು, ರಾಮಾಯಣದ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಬರೆದ ಈ ತೊಟ್ಟಿಲುಗಳು ಒಂದು ಮನೆಯಲ್ಲಿ ಅಜ್ಜನನ್ನೂ ಮೊಮ್ಮಗನನ್ನೂ ತೂಗಿದ್ದುಂಟು. ಮದುವೆಯ ಮರುದಿನವೇ ತೊಟ್ಟಿಲು ತೋರಿಸುವದು ಬಹಳ ಅವಸರವೆಂದು ಬೀಗಿತ್ತಿಯರು ನಗಬಹುದು, ನಗಲಿ. ಒಳ್ಳೆಯ ತೊಟ್ಟಿಲನ್ನು ಮೊದಲೇ ಹೇಳಿ ಮಾಡಿಸಬೇಕಾಗುತ್ತದೆ.

ಅಲ್ಲಿಂದ ಹುಬ್ಬಳ್ಳಿಯ ಮೇಲೆ ಹಾಯ್ದು ಸಾಯಂಕಾಲಕ್ಕೆ ಕುಂದಗೋಳವನ್ನು ಸೇರಬೇಕು. 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನಲ್ಲಿ ಶಂಭುಲಿಂಗನ ಪುರಾತನ ದೇವಾಲಯವಿದೆ. ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ ಊರೂ ಇದೇ. ನಾಡಿಗೇರ ವಾಡೆಗೆ ಬರುತ್ತಿದ್ದ ಅಬ್ದುಲ್ ಕರೀಮಖಾನರ ಶಿಷ್ಯರಾಗಿ ಅವರು ಕಲಿತರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಗುರುಗಳ ಮನೆಯಲ್ಲಿದ್ದ ಭೀಮಸೇನರು ನೀರು ಹೊತ್ತು ಸೇವೆ ಮಾಡಿದರು. ರಾತ್ರಿ ಹುಬ್ಬಳ್ಳಿಯಲ್ಲಿ ತಂಗುವದು ಅನುಕೂಲ.

ಎರಡನೆಯ ದಿನದ ಬಹುಭಾಗವನ್ನು ಅಣ್ಣಿಗೇರಿಗೆ ಮೀಸಲಿಡಬೇಕು. ಗದಗು, ಲಕ್ಕುಂಡಿಗಳನ್ನೂ ಅದೇ ದಿನ ಮುಗಿಸಿಬಿಡುವ ಆಸೆ ಬೇಡ; ಓಡುತ್ತ ನೋಡಿದ ಗುಡಿಗಳೆಲ್ಲ ಮನಸ್ಸಿನಲ್ಲಿ ಒಂದೇ ಆಗಿಬಿಡುತ್ತವೆ. ಮಲೆಸೆರಗಿನ ಕಲಘಟಗಿಯಿಂದ ಬಂದವರಿಗೆ ಎರೆಯ ಬಯಲೇ ಇಲ್ಲಿ ಮೊದಲ ನೋಟ. ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿತ್ತು. ಸುಮಾರು 1050ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವು ಬಳಪದ ಕಲ್ಲಿನದು. 76 ಕಂಬಗಳ ಮೇಲೆ ನಿಂತಿದೆ. ಬಳಪದ ಕಲ್ಲು ಮೆದುವಾದುದರಿಂದ ಉಳಿಯ ಸೂಕ್ಷ್ಮ ಕೆಲಸಕ್ಕೆ ಒದಗುವದು. ಈ ಕಲ್ಲನ್ನು ಬಳಸಿದ ಮೊದಮೊದಲ ಗುಡಿಗಳಲ್ಲಿ ಇದೊಂದು.

ಆದರೆ ಬೀಗರಿಗೆ ನಿಂತು ಹೇಳಬೇಕಾದ ಸಂಗತಿಯು ಆದಿಕವಿ ಪಂಪನದು. ಅವನ ತಮ್ಮನಾದ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನವನ್ನು ಬರೆಯಿಸಿದನು. ಅದರಿಂದ, ಅವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳೆಂದು ತಿಳಿದುಬರುತ್ತದೆ. ತಂದೆ ಭೀಮಪಯ್ಯನ ಹಿರಿಯರು ವೆಂಗಿಮಂಡಲದವರು. ಬೆಳ್ವೊಲದ ಹೆಣ್ಣೊಬ್ಬಳು ವೆಂಗಿಯ ಮನೆತನವನ್ನು ಸೇರಿದಳು. ಅವಳ ಮಗನು 941ರಲ್ಲಿ ಭಾರತವನ್ನು ಕನ್ನಡದಲ್ಲಿ ಹೇಳಿದನು. ಆ ಲಗ್ನವನ್ನು ಕೂಡಿಸಿದ ಹಿರಿಯರು ಯಾರೋ, ದಿಬ್ಬಣವು ಯಾವ ದಾರಿಯಿಂದ ಹೋಯಿತೋ, ಶಾಸನವು ಅದನ್ನು ಹೇಳುವದಿಲ್ಲ. ತಾಯಿಯ ಕುಲವನ್ನೂ ಊರನ್ನೂ ಮಗನು ಕಲ್ಲಿನಲ್ಲಿ ನೆನೆದನು. ಮಗಳನ್ನು ದೂರ ಕೊಟ್ಟು ಬಂದ ತಂದೆತಾಯಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ತಿಳಿಯದು.

ಅಣ್ಣಿಗೇರಿಯಿಂದ ನವಲಗುಂದವು ಹತ್ತಿರ. ನವಿಲಿನ ಹೆಸರನ್ನು ಹೊತ್ತ ಈ ಊರಿನ ಜಮಖಾನೆಗಳ ಮೇಲೂ ನವಿಲುಗಳಿವೆ. ನಿಲುವು ಮಗ್ಗದ ಮುಂದೆ ಕುಳಿತು ಇವುಗಳನ್ನು ನೇಯುವವರು ಮುಸಲ್ಮಾನ ಹೆಣ್ಣುಮಕ್ಕಳು. ಮದುವೆಯಾಗಿ ಬೇರೆ ಊರಿಗೆ ಹೋಗುವ ಮಗಳಿಗೆ ಈ ವಿದ್ಯೆಯನ್ನು ಕಲಿಸದೆ, ಮನೆಗೆ ಬಂದ ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂಬ ಮಾತು ಕೇಳಿಬರುತ್ತದೆ. ಇದನ್ನು ಕೇಳಿದ ಬೀಗಿತ್ತಿಯರಲ್ಲಿ ವಾದವು ಹುಟ್ಟುವದು ಖಂಡಿತ. ಅದನ್ನು ಹುಬ್ಬಳ್ಳಿಯ ಸ್ಟೇಶನ್ ಬರುವವರೆಗೆ ದಾರಿಯಲ್ಲಿ ಮುಂದುವರಿಸಬಹುದು. ಜಮಖಾನೆಯನ್ನು ಕೊಳ್ಳುವವರು ಮಾತ್ರ ಹೊತ್ತು ಮುಳುಗುವ ಮೊದಲೇ, ಅಂಗಳಕ್ಕೆ ತಂದು ಬಿಸಿಲಿನಲ್ಲಿ ಬಣ್ಣವನ್ನು ನೋಡಿ ಕೊಳ್ಳತಕ್ಕದ್ದು.