ಕೆಮಿಸ್ಟ್ರಿಯನ್ನು ಮೂರು ಸಲ ಓದಿದ ಬ್ಯಾಚು

2016ರಲ್ಲಿ ಕರ್ನಾಟಕದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದವರು ನಿಮ್ಮ ಟೀಮಿನಲ್ಲಿ ಯಾರಾದರೂ ಇದ್ದರೆ, ಟೀ ಬ್ರೇಕಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ‘ಕೆಮಿಸ್ಟ್ರಿ ಪರೀಕ್ಷೆಗೆ ಎಷ್ಟು ಸಲ ಓದಿದ್ರಿ?’ ಮೊದಲು ಒಂದು ನಗು ಬರುತ್ತೆ, ಆಮೇಲೆ ಕಥೆ ಶುರುವಾಗುತ್ತೆ.

ಆ ವರ್ಷ ಮಾರ್ಚ್ 21ರ ಕೆಮಿಸ್ಟ್ರಿ ಪರೀಕ್ಷೆ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ರದ್ದಾಯಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಅಂದರು. ಆ ಪತ್ರಿಕೆಯೂ ಸೋರಿತು, ಅದೂ ರದ್ದು. ಮಕ್ಕಳು, ಅಪ್ಪ ಅಮ್ಮಂದಿರು ಬೀದಿಗಿಳಿದರು, ತನಿಖೆ ಸಿಐಡಿಗೆ ಹೋಯಿತು, ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಸುಮಾರು ಒಂದೂಮುಕ್ಕಾಲು ಲಕ್ಷ ವಿದ್ಯಾರ್ಥಿಗಳು ಅದೇ ಪಾಠಗಳನ್ನು ಮೂರನೇ ಸಲ ತಿರುವಿ ಹಾಕಿದ್ದರು. ಅಷ್ಟು ಹೊತ್ತಿಗೆ ಸಿಇಟಿಗೆ ಉಳಿದಿದ್ದು ಮೂರೇ ವಾರ.

ಮೆಡಿಕಲ್ ಕನಸು ಕಂಡವರ ಪಾಡು ಇನ್ನೂ ಬೇರೆ. ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಇದೇ ವರ್ಷದಿಂದ ಎಂಬಿಬಿಎಸ್, ಬಿಡಿಎಸ್ ಪ್ರವೇಶಕ್ಕೆ ನೀಟ್ ನಡೆಸಿ ಎಂದು ಆದೇಶ ಮಾಡಿತು. ಮೊದಲ ಹಂತ ಮೇ 1ಕ್ಕೆ. ಅಂದರೆ ಮೂರು ದಿನದಲ್ಲಿ! ಎಐಪಿಎಂಟಿ ಅಂತ ಮೊದಲೇ ನಿಗದಿಯಾಗಿದ್ದ ಪರೀಕ್ಷೆಯನ್ನೇ ನೀಟ್-1 ಎಂದು ಕರೆದರು. ಅದಕ್ಕೆ ಅರ್ಜಿ ಹಾಕದಿದ್ದವರಿಗೆ ಜುಲೈ 24ಕ್ಕೆ ನೀಟ್-2. ಸಿಇಟಿಯೊಂದನ್ನೇ ನಂಬಿಕೊಂಡಿದ್ದವರು ಮೇ 4 ಮತ್ತು 5ರಂದು ಹೋಗಿ ಬರೆದು ಬಂದರು, ಆದರೆ ಬರೆದದ್ದು ಮೆಡಿಕಲ್ ಸೀಟಿನ ಲೆಕ್ಕಕ್ಕೆ ಬರುತ್ತೋ ಇಲ್ವೋ ಅನ್ನೋದೇ ಗೊತ್ತಿರಲಿಲ್ಲ. ಮೇ 24ಕ್ಕೆ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುಗ್ರೀವಾಜ್ಞೆಗೆ ಸಹಿ ಹಾಕಿದ ಮೇಲೆ, ಆ ಒಂದು ವರ್ಷದ ಮಟ್ಟಿಗೆ ರಾಜ್ಯದ ಪಾಲಿನ ಸೀಟುಗಳು ಸಿಇಟಿಯಲ್ಲೇ ಉಳಿದವು.

‘ಬೋರ್ಡ್ ಎಕ್ಸಾಮು, ನೀಟು ಎರಡನ್ನೂ ಬ್ಯಾಲೆನ್ಸ್ ಮಾಡೋದು ಹೇಗೆ?’ ಅನ್ನುವ ಪ್ರಶ್ನೆ ಪ್ರತಿ ವರ್ಷ ಜನವರಿ ಬಂದರೆ ಮನೆಮನೆಯಲ್ಲೂ ಏಳುತ್ತೆ. ಟಾಪರ್‌ಗಳ ಟೈಮ್ ಟೇಬಲ್ಲು, ಬೆಳಗ್ಗೆ ನಾಲ್ಕಕ್ಕೆ ಏಳುವ ಉಪದೇಶ, ಮೊಬೈಲ್ ಕಿತ್ತಿಟ್ಟುಕೊಳ್ಳುವ ಶಿಸ್ತು, ಎಲ್ಲ ಉತ್ತರವೂ ಹುಡುಗ ಅಥವಾ ಹುಡುಗಿಯ ತಲೆಯ ಮೇಲೇ ಬಂದು ಕೂರುತ್ತೆ. ಒಂದೇ ಫಿಸಿಕ್ಸು, ಒಂದೇ ಕೆಮಿಸ್ಟ್ರಿ, ಒಂದೇ ಬಯಾಲಜಿಗೆ ಎರಡು ಪರೀಕ್ಷೆ ಯಾಕಿವೆ ಅಂತ ಮಾತ್ರ ಯಾರೂ ಕೇಳಲ್ಲ. ಅದಕ್ಕೊಂದು ಇತಿಹಾಸ ಇದೆ, ಅದರ ದೊಡ್ಡ ಭಾಗ ನಡೆದದ್ದು ನಮ್ಮ ರಾಜ್ಯದಲ್ಲೇ.

1960ರ ದಶಕದ ಮೈಸೂರು ರಾಜ್ಯಕ್ಕೆ ಹೋಗೋಣ. ಆಗ ಮೆಡಿಕಲ್ ಸೀಟಿಗೆ ಪ್ರತ್ಯೇಕ ಲಿಖಿತ ಪರೀಕ್ಷೆ ಬೇಕಾಗಿರಲಿಲ್ಲ. ಓದಿದ ಪರೀಕ್ಷೆಯ ಅಂಕ ನೋಡುತ್ತಿದ್ದರು, ಜೊತೆಗೆ ಒಂದು ಸಂದರ್ಶನ. ಸಂದರ್ಶನಕ್ಕೆ ಇಟ್ಟಿದ್ದು ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ನಾಟಕ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಎದುರಿಗೆ ಕೂತವರ ಮನಸ್ಸಿಗೆ ಬಂದಂತೆ ಹಾಕಬಹುದಾದ ಅಂಕ ಅದು ಎಂದು ಕೆಲವು ಅಭ್ಯರ್ಥಿಗಳು ಕೋರ್ಟಿಗೆ ಹೋದರು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ ‘ಅಂಕ ಯಾರು ಹಾಕ್ತಾರೆ, ಹೇಗೆ ಹಾಕ್ತಾರೆ’ ಅನ್ನುವ ಅನುಮಾನ ಅಲ್ಲಿಗೆ ಮುಗಿಯಲಿಲ್ಲ.

ಎರಡನೇ ಅನುಮಾನ ದುಡ್ಡಿನದು. ಖಾಸಗಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದಂತೆ ಕರ್ನಾಟಕ ಅಂದರೆ ಕ್ಯಾಪಿಟೇಶನ್ ಅನ್ನುವಷ್ಟು ಹೆಸರಾಯಿತು. ಅದನ್ನು ತಡೆಯಲಿಕ್ಕೆ 1984ರಲ್ಲಿ ಕಾಯ್ದೆಯೇ ಬಂತು. ಆ ಕಾಯ್ದೆಯಡಿ 1989ರಲ್ಲಿ ಸರ್ಕಾರ ಗೊತ್ತುಮಾಡಿದ ಶುಲ್ಕ ನೋಡಿ: ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ವಿದ್ಯಾರ್ಥಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಬೇರೆಯವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಮೀರಠ್‌ನ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಒಂದು ಖಾಸಗಿ ಕಾಲೇಜಿಗೆ ಅರ್ಜಿ ಹಾಕಿದಾಗ ಈ 60,000ದ ಬಾಗಿಲಿಗೇ ಬಂದು ನಿಂತಳು. ಅಪ್ಪನಿಗೆ ಅಷ್ಟು ಕಟ್ಟುವ ಶಕ್ತಿ ಇರಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್ ಅವಳ ಪ್ರಕರಣದಲ್ಲೇ ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿದ್ದು.

ಮರುವರ್ಷ, 1993ರಲ್ಲಿ, ಉನ್ನಿಕೃಷ್ಣನ್ ತೀರ್ಪು ಬಂತು. ಖಾಸಗಿ ಕಾಲೇಜುಗಳಲ್ಲಿ ಅರ್ಧ ‘ಫ್ರೀ ಸೀಟು’, ಅರ್ಧ ‘ಪೇಮೆಂಟ್ ಸೀಟು’, ಎರಡನ್ನೂ ಮೆರಿಟ್ ಮೇಲೇ ತುಂಬಬೇಕು. ಮೆರಿಟ್ ಅಳೆಯಬೇಕಾದರೆ ಎಲ್ಲರಿಗೂ ಒಂದೇ ತಕ್ಕಡಿ ಬೇಕಲ್ಲ. ಈ ಹಿನ್ನೆಲೆಯಲ್ಲೇ ಕರ್ನಾಟಕ ಸರ್ಕಾರ 1994ರಲ್ಲಿ ಸಿಇಟಿ ಘಟಕ ಸ್ಥಾಪಿಸಿತು. ಇವತ್ತಿನ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅದರದೇ ಮುಂದುವರಿಕೆ. ಕಚೇರಿ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ. ಪದವಿಪೂರ್ವ ಶಿಕ್ಷಣ ಇಲಾಖೆಯ ವಿಳಾಸವೂ ಅದೇ 18ನೇ ಕ್ರಾಸು. ಕಚೇರಿಗಳು ನೆರೆಹೊರೆ, ಪರೀಕ್ಷೆಗಳು ಮಾತ್ರ ಬೇರೆ ಬೇರೆ.

ಸಿಇಟಿ ಮಾಡಿದ ಒಳ್ಳೆಯದನ್ನು ಹೇಳದೆ ಹೋದರೆ ತಪ್ಪಾಗುತ್ತೆ. ಯಾರ ಶಿಫಾರಸೂ ಇಲ್ಲದ, ಕೊಡಲಿಕ್ಕೆ ಲಕ್ಷ ಇಲ್ಲದ ಮನೆಯ ಮಕ್ಕಳು ರ‍್ಯಾಂಕ್ ಹಿಡಿದು ಕೌನ್ಸೆಲಿಂಗಿಗೆ ಹೋಗಿ, ತಮಗೆ ಬೇಕಾದ ಕಾಲೇಜನ್ನು ತಾವೇ ಆರಿಸಿಕೊಂಡು ಬಂದರು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೂತಿರುವ ಎಷ್ಟೋ ಡಾಕ್ಟರುಗಳು ಹಾಗೆ ಬಂದವರು. ಆದರೆ ಹೊಸ ಪರೀಕ್ಷೆ ಬಂದಾಗ ಹಳೆಯದು ಹೋಗಲಿಲ್ಲ. ಹೋಗುವಂತೆಯೂ ಇರಲಿಲ್ಲ, ಪಿಯುಸಿ ಪಾಸಾಗದೆ ಮುಂದೆ ದಾರಿಯಿಲ್ಲವಲ್ಲ. ಎಂಜಿನಿಯರಿಂಗ್ ಸೇರುವವರಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಟ್ಟರು. ಮೆಡಿಕಲ್‌ಗೆ ಬರುಬರುತ್ತಾ ಪ್ರವೇಶ ಪರೀಕ್ಷೆಯ ಅಂಕವೊಂದೇ ಮುಖ್ಯವಾಯಿತು.

ಇದರ ಪಕ್ಕದಲ್ಲೇ ಇನ್ನೊಂದು ಹಳಿ ಹಾಕಲಾಗಿತ್ತು. ಸರ್ಕಾರಿ ಕಾಲೇಜುಗಳ ಒಂದು ಪಾಲು ಸೀಟು ಊರು-ರಾಜ್ಯ ನೋಡದೆ ಎಲ್ಲರಿಗೂ ಸಿಗಬೇಕು ಎಂದು 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಮುಂದೆ ಶೇ. 15ರ ಅಖಿಲ ಭಾರತ ಕೋಟಾ ಆಯಿತು, ಅದಕ್ಕೆಂದೇ ಎಐಪಿಎಂಟಿ ಬಂತು. ಆಮೇಲೆ ಖಾಸಗಿ ಕಾಲೇಜುಗಳ ಕಾಮೆಡ್-ಕೆ. ಹೀಗೆ 2000ದ ದಶಕದಲ್ಲಿ ಓದಿದವರು ಪಿಯುಸಿ, ಸಿಇಟಿ, ಕಾಮೆಡ್-ಕೆ, ಎಐಪಿಎಂಟಿ ಅಂತ ಎಣಿಸುತ್ತಾ ಬೇಸಿಗೆ ಕಳೆದರು.

‘ಇಷ್ಟೆಲ್ಲ ಯಾಕೆ, ಒಂದೇ ಪರೀಕ್ಷೆ ಸಾಕು’ ಅಂತಲೇ ನೀಟ್ ಬಂದದ್ದು. 2013ರ ಮೇ 5ರಂದು ಮೊದಲ ಸಲ ನಡೆಯಿತು. ಜುಲೈ 18ಕ್ಕೆ ಸುಪ್ರೀಂ ಕೋರ್ಟ್ ಎರಡು-ಒಂದರ ಬಹುಮತದಲ್ಲಿ ಅದನ್ನು ರದ್ದು ಮಾಡಿತು. 2016ರ ಏಪ್ರಿಲ್ 11ರಂದು ಅದೇ ಕೋರ್ಟ್ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಮರುದಿನ ನಮ್ಮ ಮಕ್ಕಳು ಮೂರನೇ ಸಲದ ಕೆಮಿಸ್ಟ್ರಿ ಬರೆದರು. ಒಂದು ಲೆಕ್ಕ ಹಾಕಿ: 2014ರ ಜೂನ್ ಆಸುಪಾಸಿನಲ್ಲಿ ಫಸ್ಟ್ ಪಿಯುಸಿ ಸೇರಿದ ಹುಡುಗಿಯ ಪಾಲಿಗೆ ನೀಟ್ ಎಂಬ ಪರೀಕ್ಷೆಯೇ ಇರಲಿಲ್ಲ. ಅವಳು ಎರಡು ವರ್ಷ ತಯಾರಾಗಿದ್ದು ಸಿಇಟಿಗೆ. ಆಟ ಮುಗಿಯುವ ಹೊತ್ತಿಗೆ ನಿಯಮ ಬದಲಾಗಿತ್ತು.

ಬದಲಾಗಿದ್ದು ಹೆಸರು ಮಾತ್ರ ಅಲ್ಲ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದಿದ್ದರೂ ಒಂದು ಗುಂಡು ಹೊಡೆದು ಬಾ ಅಂತ ಲೆಕ್ಚರರೇ ಹೇಳಿ ಕಳಿಸುತ್ತಿದ್ದರು. 2016ರ ನೀಟ್‌ನಲ್ಲಿ 180 ಪ್ರಶ್ನೆ, ಮೂರು ಗಂಟೆ, ಒಂದು ತಪ್ಪಿಗೆ ಒಂದು ಅಂಕ ಕಟ್. ಪ್ರಶ್ನೆಗೆ ಒಂದೇ ನಿಮಿಷ, ಅದರಲ್ಲೇ ‘ಇದನ್ನು ಬಿಡಬೇಕಾ’ ಅಂತಲೂ ಯೋಚಿಸಬೇಕು. ಪಿಯುಸಿ ಇನ್ನೂ ಬೇರೆ ಜಾತಿ: ಡಿರೈವೇಶನ್ ಹಂತ ಹಂತವಾಗಿ ಬರೀಬೇಕು, ಚಿತ್ರ ಬರೆದು ಭಾಗ ಗುರುತಿಸಬೇಕು, ಲ್ಯಾಬ್ ರೆಕಾರ್ಡ್ ಮುಗಿಸಬೇಕು. ಒಂದಕ್ಕೆ ಕೈ ಪಳಗಬೇಕು, ಇನ್ನೊಂದಕ್ಕೆ ಕಣ್ಣು. ರಾಜ್ಯ 2012-13ರಿಂದ ಪಿಯು ಸೈನ್ಸಿಗೆ ಎನ್‌ಸಿಇಆರ್‌ಟಿ ಪಠ್ಯಕ್ರಮ ತಂದಿದ್ದರಿಂದ ಪಾಠಗಳಾದರೂ ಹತ್ತಿರವಾದವು, ಓದುವ ಕ್ರಮ ಹತ್ತಿರವಾಗಲಿಲ್ಲ. 2016ರ ನೀಟ್ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಕನ್ನಡ ಸೇರಿದ್ದು 2017ರಲ್ಲಿ.

2017ರಿಂದ ಮೆಡಿಕಲ್ ಸೀಟಿಗೆ ಪಿಯುಸಿ ಅಂಕದ ಬೆಲೆ ಏನು? ಸಾಮಾನ್ಯ ವರ್ಗದವರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ. 50, ಮೀಸಲಾತಿ ಇರುವವರಿಗೆ ಶೇ. 40. ಅಷ್ಟು ಬಂದರೆ ಗೇಟು ತೆರೆಯುತ್ತೆ. 51 ತೆಗೆದವನೂ 99 ತೆಗೆದವಳೂ ಅಲ್ಲಿಂದ ಮುಂದೆ ಒಂದೇ. ಹಾಗಂತ ಪಿಯುಸಿ ಬಿಟ್ಟುಬಿಡೋಕಾಗುತ್ತಾ? ನೀಟ್ ಕೈಕೊಟ್ಟರೆ ಎಂಜಿನಿಯರಿಂಗಿಗೆ ಅದೇ ಅಂಕದ ಅರ್ಧ ಬೇಕು, ಬಿಎಸ್ಸಿ ಸೇರೋಕೂ ಬೇಕು, ಮನೆಯವರಿಗೆ, ನೆಂಟರಿಗೆ ಹೇಳೋಕೂ ಬೇಕು. ಬೇಕು, ಆದರೆ ಲೆಕ್ಕಕ್ಕಿಲ್ಲ. ಈ ವಿಚಿತ್ರ ಸ್ಥಿತಿಗೇ ನಾವು ‘ಬ್ಯಾಲೆನ್ಸ್’ ಅಂತ ಚಂದದ ಹೆಸರಿಟ್ಟಿದ್ದೀವಿ.

ಈ ಬ್ಯಾಲೆನ್ಸನ್ನು ಮಾರುವ ಅಂಗಡಿಗಳೂ ಬಂದವು. ಕಾಲೇಜಿನೊಳಗೇ ಕೋಚಿಂಗ್ ಸೇರಿಸಿದ ‘ಇಂಟಿಗ್ರೇಟೆಡ್’ ಪಿಯು ಕಾಲೇಜುಗಳು ಬೆಂಗಳೂರಿನಿಂದ ಮಂಗಳೂರಿನವರೆಗೆ ತುಂಬಿವೆ. ದುಡ್ಡಿದ್ದವರ ಮಗುವಿಗೆ ಒಂದೇ ಸೂರಿನಡಿ ಎರಡೂ ತಯಾರಿ, ಆಗಲಿಲ್ಲ ಅಂದರೆ ಒಂದು ವರ್ಷ ‘ಲಾಂಗ್ ಟರ್ಮ್’. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗುವಿಗೆ ಎರಡನೇ ಪರೀಕ್ಷೆಯ ತಯಾರಿ ಅಂದರೆ ರಾತ್ರಿಯ ನಿದ್ದೆಯಿಂದ ಕದ್ದ ಎರಡು ಗಂಟೆ. ಕ್ಯಾಪಿಟೇಶನ್ ತಡೆಯಲು ಬಂದ ಪರೀಕ್ಷೆಗೆ ತಯಾರಾಗಲಿಕ್ಕೇ ಈಗ ಲಕ್ಷ ಬೇಕು. ಮೋಹಿನಿ ಜೈನ್ ಅಪ್ಪನ ಕಷ್ಟ ಕಾಲೇಜಿನ ಬಾಗಿಲಿನಿಂದ ಎರಡು ವರ್ಷ ಹಿಂದಕ್ಕೆ ಸರಿದು ಕೂತಿದೆ, ಅಷ್ಟೇ.

ಹಾಗಾದರೆ ಪ್ರವೇಶ ಪರೀಕ್ಷೆಯನ್ನೇ ಕಿತ್ತುಹಾಕಿದರೆ ಸರಿಹೋಗುತ್ತಾ? ಪಕ್ಕದ ತಮಿಳುನಾಡು ಅದನ್ನು ಮಾಡಿ ನೋಡಿತ್ತು. 2006ರ ಕಾಯ್ದೆಯ ಮೂಲಕ ಪ್ರವೇಶ ಪರೀಕ್ಷೆ ತೆಗೆದು, ನೀಟ್ ಬರುವವರೆಗೆ ಪ್ಲಸ್ ಟೂ ಅಂಕದ ಮೇಲೇ ಮೆಡಿಕಲ್ ಸೀಟು ಕೊಟ್ಟಿತು. ಅಲ್ಲಿನ ಎಷ್ಟೋ ಖಾಸಗಿ ಶಾಲೆಗಳು ಹನ್ನೊಂದನೇ ತರಗತಿಯ ಪಾಠ ಬದಿಗಿಟ್ಟು ಹನ್ನೆರಡರದನ್ನೇ ಎರಡು ವರ್ಷ ಉರುಹೊಡೆಸಿದವು. ಕೊನೆಗೆ ಸರ್ಕಾರ 2017-18ರಲ್ಲಿ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ತಂದಿತು. ಒಂದೇ ಪರೀಕ್ಷೆ ಇದ್ದರೂ ಪೂರ್ತಿ ಭಾರ ಅದರ ಮೇಲೆ ಬಿದ್ದಾಗ ಅದೂ ಬಾಗುತ್ತೆ.

ನೀಟ್ ಕೂಡ ಬಾಗಿತು. 2024ರಲ್ಲಿ 67 ಮಂದಿಗೆ 720ಕ್ಕೆ 720 ಬಂದಾಗ, ಪಟ್ನಾ ಕಡೆಯಿಂದ ಸೋರಿಕೆಯ ಸುದ್ದಿ ಬಂದಾಗ, 1,563 ಮಂದಿಯ ಗ್ರೇಸ್ ಅಂಕ ವಾಪಸ್ ತೆಗೆದಾಗ, 2016ರ ಬ್ಯಾಚಿನವರಿಗೆ ಎಲ್ಲೋ ನೋಡಿದ ಸಿನಿಮಾ ಅನ್ನಿಸಿರಬೇಕು. ಅದೇ ಏಪ್ರಿಲ್‌ನಲ್ಲಿ ನಮ್ಮ ಸಿಇಟಿಯಲ್ಲೂ ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ಬಂದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಜುಲೈನಲ್ಲಿ ಕರ್ನಾಟಕ ವಿಧಾನಮಂಡಲ ನೀಟ್ ಬೇಡ ಎಂದು ನಿರ್ಣಯ ಮಾಡಿತು. ಮತ್ತೆ ಅದೇ ಚಕ್ರ: ಒಂದು ಪರೀಕ್ಷೆಯ ಮೇಲೆ ನಂಬಿಕೆ ಹೋಯಿತು, ಇನ್ನೊಂದು ತನ್ನಿ.

ಅರವತ್ತು ವರ್ಷದ ಈ ಕಥೆಯಲ್ಲಿ ನನಗೆ ಕಾಣುವುದು ಇಷ್ಟು. ಸಂದರ್ಶನದ ಮೇಲೆ, ದುಡ್ಡಿನ ಮೇಲೆ, ರಾಜ್ಯಗಳ ಮೇಲೆ, ಹೀಗೆ ಒಂದೊಂದು ಅನುಮಾನಕ್ಕೂ ಮದ್ದು ಅಂತ ಒಂದೊಂದು ಪರೀಕ್ಷೆ ಬಂತು. ಅನುಮಾನಗಳೇನೂ ಸುಳ್ಳಲ್ಲ. ಆದರೆ ಪ್ರತಿ ಸಲವೂ ಮದ್ದು ನುಂಗಿದ್ದು ಹದಿನೇಳು ವರ್ಷದ ಮಗು.

ಪಿಯುಸಿ ಅಂಕಕ್ಕೆ ಮೆಡಿಕಲ್‌ನಲ್ಲಿ ಒಂದಿಷ್ಟಾದರೂ ಪಾಲು ಕೊಡಬೇಕೋ ಬೇಡವೋ, ನೀಟ್ ಇರಬೇಕೋ ಹೋಗಬೇಕೋ, ಅದರ ಬಗ್ಗೆ ಜಗಳ ಇನ್ನೂ ಬಹಳ ದಿನ ನಡೆಯುತ್ತೆ, ನಡೆಯಲಿ. ಒಂದು ಸಣ್ಣ ನಿಯಮವನ್ನಂತೂ ಇವತ್ತೇ ಒಪ್ಪಬಹುದು: ಮಗು ಫಸ್ಟ್ ಪಿಯುಸಿಗೆ ಸೇರುವ ದಿನ ಯಾವ ಪರೀಕ್ಷೆ, ಯಾವ ಪಠ್ಯ, ಯಾವ ಲೆಕ್ಕಾಚಾರ ಇರುತ್ತೋ, ಎರಡು ವರ್ಷ ಮುಗಿಯುವವರೆಗೆ ಅದೇ ಇರಬೇಕು. ಏನೇ ಬದಲಾಯಿಸಿದರೂ ಮುಂದಿನ ಬ್ಯಾಚಿನಿಂದ. ಅಲ್ಲಿಯವರೆಗೆ, ನಿಮ್ಮ ಅಕ್ಕನ ಮಗನೋ ಚಿಕ್ಕಪ್ಪನ ಮಗಳೋ ಈ ವರ್ಷ ಸೆಕೆಂಡ್ ಪಿಯುಸಿ ಆಗಿದ್ದರೆ, ಫೋನ್ ಮಾಡಿದಾಗ ‘ಎರಡಕ್ಕೂ ಸರಿಯಾಗಿ ಓದ್ತಾ ಇದ್ದೀಯಾ?’ ಅಂತ ಕೇಳಬೇಡಿ. ಓದ್ತಾನೇ ಇರ್ತಾರೆ. ಊಟ ಆಯ್ತಾ ಅಂತ ಕೇಳಿ, ಸಾಕು.