ಕಲುವಾ ಹೋಗಿ ‘ಕಾಲ್ವರ್’ ಆದ ಕಥೆ (ಭಾಗ 3)

ಹೋದ ಭಾಗದಲ್ಲಿ ಗಾಜಿಪುರದ ಅಫೀಮು ಫ್ಯಾಕ್ಟರಿವರೆಗೆ ಬಂದಿದ್ವಿ. ಇವತ್ತು ಹಡಗು ಹತ್ತೋಣ.

ಅಮಿತಾವ್ ಘೋಷ್ ಅವರ ‘ಸೀ ಆಫ್ ಪಾಪೀಸ್’ (2008) ನಡೆಯೋದು 1838ರಲ್ಲಿ. ಬ್ರಿಟಿಷರು ಗುಲಾಮಗಿರಿ ನಿಲ್ಲಿಸೋ ಕಾಯ್ದೆ ಮಾಡಿ ಐದೇ ವರ್ಷ. ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಆಳು ಬೇಕು. ಬಿಹಾರದ ಕಡೆಯ ಬಡವರನ್ನು ‘ಅಗ್ರಿಮೆಂಟ್’ ಮೇಲೆ ಒಯ್ದರು. ಆ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯ್ತು. (ಹುಬ್ಬಳ್ಳಿ ಗಿರ್ಮಿಟ್ ಅಲ್ಲ ಕಣ್ರೋ, ಹಸಿವಾಗಿದ್ರೆ ಆಮೇಲೆ.) ಕಾದಂಬರಿಯ ‘ಐಬಿಸ್’ ಹಡಗು ಮೊದಲು ಗುಲಾಮರನ್ನು ಸಾಗಿಸಿದ್ದೇ.

ಕಲುವಾ ಗಾಡಿ ಹೊಡೆಯೋ ದಲಿತ. ಗಂಡನ ಚಿತೆಯಿಂದ ದೀತಿಯನ್ನು ಎತ್ತಿಕೊಂಡು ಓಡಿದವನು. ಹೆಸರು ಬರೆಸುವಾಗ ತನ್ನ ಹೆಸರು ಮಧು, ಅಪ್ಪನ ಹೆಸರು ಕಲುವಾ ಅಂತಾನೆ. ರಿಜಿಸ್ಟರ್‌ಗೆ ಬೀಳೋದು ‘ಮ್ಯಾಡೋ ಕಾಲ್ವರ್’! ಮುಂದೆ ಮಾರಿಷಸ್‌ನಲ್ಲಿ ಅವರ ಇಡೀ ವಂಶವೇ ಕಾಲ್ವರ್.

ಇನ್ನೊಂದು ಎಂಟ್ರಿ ನೋಡಿ. ಜ್ಯಾಕರಿಯ ತಾಯಿ ಅಮೆರಿಕದಲ್ಲಿ ಗುಲಾಮಳಾಗಿದ್ದವಳು. ಮಗ ನೋಡೋಕೆ ಬಿಳಿಯನೇ, ಆದರೆ ಹಡಗಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಬ್ಲ್ಯಾಕ್’ ಅಂತಿದೆ. ಬೇರೆಯವರ ಕಣ್ಣಿಗೆ ಬಿದ್ದಿದ್ರೆ ಅವನ ಕಥೆ ಮುಗೀತಿತ್ತು. ಓದಿದ್ದು ಗುಮಾಸ್ತ ನಬಕೃಷ್ಣ ಬಾಬು. ಕಪ್ಪು ಅಂದ್ರೆ ಕೃಷ್ಣ ತಾನೇ! ಭಕ್ತ ಖುಷಿಯಲ್ಲಿ ಕರಗಿ ಹೋಗ್ತಾನೆ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಜಾಗ ಇದು. ಬರೆದವನ ಲೆಕ್ಕ ಒಂದು, ಓದಿದವನ ಲೆಕ್ಕವೇ ಬೇರೆ.

‘ಸಂಸ್ಕೃತಿಗಳ ಬೆರಕೆ’ ಅಂದ್ರೆ ಫ್ರೂಟ್ ಸಲಾಡ್ ಥರ ಸಿಹಿಯಾಗಿ ಮಾತಾಡ್ತೀವಿ. ಇಲ್ಲಿ ಬೆರೆಯೋಕೆ ಇವರನ್ನು ಯಾರೂ ಕೇಳಿರಲಿಲ್ಲ.

ಬಿಕಾಂನವನಾಗಿ ಒಂದು ತಕರಾರು ನನ್ನಲ್ಲೇ ಇದೆ. ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಅಂತ ಕಲಿತವರು ನಾವು. ದೀತಿ, ಕಲುವಾ ಇದ್ದದ್ದಕ್ಕೆ ವೋಚರ್ ಎಲ್ಲಿ? ಕಾದಂಬರಿ ಸಾಕ್ಷಿ ಅಲ್ಲ, ಒಪ್ತೀನಿ. ಆದರೆ ಆಗಿನ ವೋಚರ್‌ಗಳನ್ನೆಲ್ಲ ಬರೆದದ್ದು ಒಂದೇ ಪಾರ್ಟಿ ಅಲ್ವಾ? ಗಾಜಿಪುರ ಫ್ಯಾಕ್ಟರಿಯ ಸೂಪರಿಂಟೆಂಡೆಂಟ್ ಮ್ಯಾಕಾರ್ಥರ್ 1865ರಲ್ಲಿ ಅದರ ಬಗ್ಗೆ ಪುಸ್ತಕ ಬರೆದಿದ್ದ. ಘೋಷ್ ಅದನ್ನೇ ಬಳಸಿದ್ದಾರೆ, ಆದರೆ ಒಳಗೆ ನಡೆಸಿಕೊಂಡು ಹೋಗೋದು ದೀತಿಯನ್ನ. ಅಲ್ಲೇ ಕೆಲಸ ಮಾಡ್ತಾ ಕುಸಿದು ಬಿದ್ದ ಗಂಡನನ್ನು ಕರ್ಕೊಂಡು ಹೋಗೋಕೆ ಬಂದವಳು, ಅಫೀಮಿನ ತೊಟ್ಟಿಯಲ್ಲಿ ಸೊಂಟದವರೆಗೆ ಮುಳುಗಿ ತುಳಿಯೋ ಮನುಷ್ಯರನ್ನು ನೋಡ್ತಾಳೆ.

ನಮ್ಮಜ್ಜಿಯ ಹೆಸರು ಒಂದು ಕಾರ್ಡಿನಲ್ಲಿ ತಪ್ಪಾಗಿ ಬಿದ್ದಿದೆ. ತಿದ್ದಿಸೋಕೆ ಮೂರು ಸಲ ಅಲೆದ್ವಿ, ಆಗಲಿಲ್ಲ. ಈಗ ಪಿಂಚಣಿ ನಿಲ್ಲಬಾರದು ಅಂತ ಅಜ್ಜಿ ಆ ತಪ್ಪು ಹೆಸರಲ್ಲೇ ಸಹಿ ಹಾಕೋದು ಕಲಿತಿದ್ದಾಳೆ.