ಡಿ.ಆರ್. ಕಾರ್ತಿಕೇಯನ್: ಕೋಣನಕುಂಟೆಯವರೆಗೆ ಬಂದ ತನಿಖೆ

ಬೆಂಗಳೂರು ದಕ್ಷಿಣದ ತಿಲಕ್ ನಗರ, ಜಯನಗರಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕನಕಪುರ ರಸ್ತೆಯ ಪಕ್ಕದಲ್ಲಿರುವ ಕೋಣನಕುಂಟೆ ಇಂದು ಮೆಟ್ರೋ ನಿಲ್ದಾಣವಿರುವ ಬಡಾವಣೆ. 1991ರಲ್ಲಿ ಅದು ನಗರದ ಅಂಚಿನ ಹಳ್ಳಿಯಾಗಿತ್ತು. ಆ ವರ್ಷದ ಆಗಸ್ಟ್ 20ರ ಬೆಳಿಗ್ಗೆ ಅಲ್ಲಿನ ಬಾಡಿಗೆ ಮನೆಯೊಂದರ ಬಾಗಿಲು ಮುರಿದು ಒಳನುಗ್ಗಿದ ಕಮಾಂಡೊಗಳಿಗೆ ಸಿಕ್ಕಿದ್ದು ಏಳು ಶವಗಳು. ಮಾಜಿ ಪ್ರಧಾನಿ ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರನೆಂದು ಗುರುತಿಸಲಾಗಿದ್ದ ಎಲ್‌ಟಿಟಿಇಯ ಶಿವರಸನ್ ಅವರಲ್ಲೊಬ್ಬ. ಆತನ ಬೆನ್ನು ಹತ್ತಿದ್ದ ವಿಶೇಷ ತನಿಖಾ ದಳದ ಮುಖ್ಯಸ್ಥರು ಕರ್ನಾಟಕ ಶ್ರೇಣಿಯ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್.

ತಮಿಳುನಾಡಿನ ಕೊಯಮತ್ತೂರು ಬಳಿಯ ದೇವರಾಯಪುರಂ ಅವರ ಹುಟ್ಟೂರು. ಕಾನೂನು ಪದವೀಧರರಾದ ಅವರು 1964ರಲ್ಲಿ ಭಾರತೀಯ ಪೊಲೀಸ್ ಸೇವೆಗೆ ಸೇರಿ ಕರ್ನಾಟಕ ಶ್ರೇಣಿಗೆ ಬಂದರು. ಮಾಸ್ಕೋದ ಭಾರತೀಯ ರಾಯಭಾರ ಕಚೇರಿಯಲ್ಲಿಯೂ ಕೆಲಸ ಮಾಡಿದ್ದರು. 1991ರ ಮೇ ತಿಂಗಳಲ್ಲಿ ಅವರು ಹೈದರಾಬಾದಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಐಜಿಯಾಗಿದ್ದರು.

ವಿದೇಶಿ ಪತ್ರಿಕೆಗಳು ಇಂತಹ ಪ್ರಕರಣಗಳನ್ನು ಕುರಿತು ಬರೆಯುವಾಗ ‘ತನಿಖೆ ನಡೆಸುವ ಪ್ರಾಸಿಕ್ಯೂಟರ್’ ಎಂಬ ಮಾತು ಬರುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಅಂತಹ ಹುದ್ದೆ ಇಲ್ಲ. ಫ್ರಾನ್ಸಿನಲ್ಲಿ ಝಾನ್ ಲೂಯಿ ಬ್ರೂಗ್ಯೇರ್ ಅವರಂತಹ ತನಿಖಾ ನ್ಯಾಯಾಧೀಶರೇ ಭಯೋತ್ಪಾದನೆಯ ಪ್ರಕರಣಗಳ ಸಾಕ್ಷ್ಯ ಕಲೆಹಾಕುತ್ತಿದ್ದರು. ಭಾರತದಲ್ಲಿ ತನಿಖೆ ಪೊಲೀಸರದು, ನ್ಯಾಯಾಲಯದಲ್ಲಿ ವಾದ ಮಂಡಿಸುವುದು ಸರ್ಕಾರಿ ಅಭಿಯೋಜಕರದು. ಆರೋಪಪಟ್ಟಿ ಸಲ್ಲಿಸುವ ಮುನ್ನ ತನಿಖಾಧಿಕಾರಿಯು ಅಭಿಯೋಜಕರ ಅಭಿಪ್ರಾಯ ಪಡೆಯಬೇಕೆಂದು ನಿರ್ದೇಶಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 2000ದಲ್ಲಿ ಹೇಳಿತು. ಆದ್ದರಿಂದ ಇಲ್ಲಿ ಪ್ರಕರಣದ ರೂಪುರೇಷೆ ನಿರ್ಧಾರವಾಗುವುದು ಬಹುತೇಕ ತನಿಖಾಧಿಕಾರಿಯ ಮೇಜಿನ ಮೇಲೆಯೇ. ಕಾರ್ತಿಕೇಯನ್ ಅವರ ವೃತ್ತಿಜೀವನದ ಹಿರಿಮೆಯೂ ಅದರ ಸುತ್ತಲಿನ ವಿವಾದವೂ ಇಲ್ಲಿಂದಲೇ ಹುಟ್ಟುತ್ತವೆ.

<b>ಹತ್ತು ಛಾಯಾಚಿತ್ರಗಳು</b>

ಮೇ 21ರ ರಾತ್ರಿ ಶ್ರೀಪೆರಂಬುದೂರಿನ ಚುನಾವಣಾ ಸಭೆಯಲ್ಲಿ ಸ್ಫೋಟ ನಡೆದಾಗ ಯಾರು ಮಾಡಿದರು, ಹೇಗೆ ಮಾಡಿದರು ಎಂಬುದಾವುದೂ ಸ್ಪಷ್ಟವಿರಲಿಲ್ಲ. ಮೂರು ದಿನಗಳ ನಂತರ ಪ್ರಕರಣ ಸಿಬಿಐಗೆ ಹಸ್ತಾಂತರವಾಗಿ, ಕಾರ್ತಿಕೇಯನ್ ನೇತೃತ್ವದಲ್ಲಿ ವಿಶೇಷ ದಳ ರಚನೆಯಾಯಿತು. ದಳಕ್ಕೆ ದೊರೆತ ಅತಿ ದೊಡ್ಡ ಸುಳಿವು ಸ್ಫೋಟದಲ್ಲಿ ಸತ್ತ ಹರಿಬಾಬು ಎಂಬ ಛಾಯಾಗ್ರಾಹಕನ ಕ್ಯಾಮೆರಾ. ಆತ ಸತ್ತರೂ ಕ್ಯಾಮೆರಾ ಹಾಳಾಗಿರಲಿಲ್ಲ. ಅದರಲ್ಲಿದ್ದ ಹತ್ತು ಚಿತ್ರಗಳಲ್ಲಿ ಹಾರ ಹಿಡಿದು ನಿಂತ ಧನು ಎಂಬ ಯುವತಿ ಇದ್ದಳು, ಬಿಳಿ ಕುರ್ತಾ ಪೈಜಾಮ ತೊಟ್ಟು ಪತ್ರಕರ್ತನ ಸೋಗಿನಲ್ಲಿ ನಿಂತ ಶಿವರಸನ್ ಇದ್ದ. ಹತ್ಯೆಯ ಸಂಚುಗಾರರು ದಾಖಲೆಗೆಂದು ತಾವೇ ಕರೆತಂದಿದ್ದ ಛಾಯಾಗ್ರಾಹಕನೇ ಅವರ ವಿರುದ್ಧದ ಮೊದಲ ಸಾಕ್ಷಿಯನ್ನು ಉಳಿಸಿಹೋದದ್ದು ವಿಧಿಯ ವ್ಯಂಗ್ಯವೆನ್ನಬೇಕು.

ತಮಿಳುನಾಡು ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕ ಪಿ. ಚಂದ್ರಶೇಖರನ್ ಸ್ಥಳದಲ್ಲಿ ದೊರೆತ ಬಟ್ಟೆಯ ಚೂರು, ತಂತಿ, ಉಕ್ಕಿನ ಸಣ್ಣ ಗುಂಡುಗಳನ್ನು ಜೋಡಿಸಿ, ಬಾಂಬು ಧನುವಿನ ಮೈಮೇಲೆಯೇ ಇತ್ತೆಂದು ತೋರಿಸಿಕೊಟ್ಟರು. ಮಾನವ ಬಾಂಬು ಎಂಬ ಮಾತು ಕನ್ನಡ ಪತ್ರಿಕೆಗಳ ಓದುಗರಿಗೆ ಪರಿಚಿತವಾದದ್ದು ಈ ಪ್ರಕರಣದಿಂದಲೇ. ಜೂನ್ ತಿಂಗಳಲ್ಲಿ ಪೇರರಿವಾಳನ್, ನಳಿನಿ, ಮುರುಗನ್ ಬಂಧನವಾಯಿತು. ಮೇ 7ರಂದು ಮದ್ರಾಸಿನಲ್ಲಿ ವಿ.ಪಿ. ಸಿಂಗ್ ಅವರ ಸಭೆಯಲ್ಲಿ ಇದೇ ತಂಡ ಪೂರ್ವಾಭ್ಯಾಸ ನಡೆಸಿತ್ತೆಂಬುದೂ ಬಯಲಾಯಿತು.

<b>ಕೋಣನಕುಂಟೆಯ ಕಾಯುವಿಕೆ</b>

ಬಂಧನಗಳ ಬಿಸಿ ಏರಿದಂತೆ ಶಿವರಸನ್ ಮತ್ತು ಶುಭಾ ಮದ್ರಾಸಿನಿಂದ ಟ್ಯಾಂಕರ್ ಲಾರಿಯೊಂದರಲ್ಲಿ ಅಡಗಿ ಬೆಂಗಳೂರಿಗೆ ಬಂದರು. ನಗರದಲ್ಲಿ ಮನೆ ಬದಲಿಸುತ್ತ, ಕೊನೆಗೆ ಸ್ಥಳೀಯ ದಂಪತಿಗಳ ನೆರವಿನಿಂದ ಕೋಣನಕುಂಟೆ ಸೇರಿದರು. ತನಿಖಾ ದಳದ ಎದುರಿಗಿದ್ದ ತೊಡಕು ಶತ್ರುವಿನ ಬಂದೂಕಿಗಿಂತ ಕೊರಳಲ್ಲಿ ತೂಗುತ್ತಿದ್ದ ಸಯನೈಡ್ ಕುಪ್ಪಿ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಅಡಗಿದ್ದ ಎಲ್‌ಟಿಟಿಇ ಸದಸ್ಯರು ಪೊಲೀಸರು ಸಮೀಪಿಸುತ್ತಿದ್ದಂತೆ ವಿಷ ನುಂಗಿ ಸತ್ತದ್ದು ಕೆಲವೇ ದಿನ ಮೊದಲು.

ಆಗಸ್ಟ್ 18ರ ರಾತ್ರಿ ಮನೆಯ ಸುತ್ತ ಕಾವಲು ಬಿತ್ತು. ಆದರೆ ಕಮಾಂಡೊಗಳು ಒಡನೆಯೇ ನುಗ್ಗಲಿಲ್ಲ. ಜೀವಂತ ಹಿಡಿಯಬೇಕು, ಅದಕ್ಕಾಗಿ ಸಯನೈಡ್ ವಿಷಕ್ಕೆ ಪ್ರತಿಔಷಧ ಮತ್ತು ವೈದ್ಯರು ಸಿದ್ಧರಿರಬೇಕು ಎಂಬುದು ಕಾಯುವಿಕೆಗೆ ಕೊಟ್ಟ ಕಾರಣ. ಮಾರನೆಯ ದಿನವೂ ಹಾಗೆಯೇ ಕಳೆಯಿತು. ಸಂಜೆ ಒಳಗಿನಿಂದ ಗುಂಡು ಹಾರಿದವು. ಬಾಗಿಲು ತೆರೆಯುವ ಹೊತ್ತಿಗೆ ಶಿವರಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ, ಶುಭಾ ಮತ್ತಿತರರು ವಿಷ ನುಂಗಿದ್ದರು. ಅಂದು ರಾಜೀವ್ ಗಾಂಧಿಯವರ ಜನ್ಮದಿನವಾಗಿತ್ತೆಂಬುದನ್ನು ಆ ಕಾಲದ ವರದಿಗಳೆಲ್ಲ ಗುರುತಿಸಿದ್ದವು.

ಕೂಡಲೇ ನುಗ್ಗಿದ್ದರೆ ಒಬ್ಬನಾದರೂ ಜೀವಂತ ಸಿಗುತ್ತಿದ್ದನೇ? ಸಯನೈಡ್ ಕಚ್ಚಲು ಬೇಕಾದುದು ಕ್ಷಣ ಮಾತ್ರ, ಆದ್ದರಿಂದ ಹಾಗೆಂದು ಖಚಿತವಾಗಿ ಹೇಳಲಾಗದು. ಆದರೂ ವಿಳಂಬದ ಟೀಕೆ ಕಾರ್ತಿಕೇಯನ್ ಅವರನ್ನು ಬಿಡಲಿಲ್ಲ. ಹತ್ಯೆಗೆ ಆದೇಶ ಎಲ್ಲಿಂದ, ಯಾರಿಂದ ಬಂತೆಂದು ನೇರವಾಗಿ ಹೇಳಬಲ್ಲವನು ಆ ಮನೆಯಲ್ಲಿ ಸತ್ತ. ನಂತರದ ಪ್ರಕರಣ ಬಹುಮಟ್ಟಿಗೆ ಪತ್ರಗಳು, ಛಾಯಾಚಿತ್ರಗಳು, ನಿಸ್ತಂತು ಸಂದೇಶಗಳು ಮತ್ತು ತಪ್ಪೊಪ್ಪಿಗೆಗಳ ಮೇಲೆ ನಿಂತಿತು. (ಈ ದಿನಗಳನ್ನೇ ವಸ್ತುವಾಗಿಸಿಕೊಂಡು ಎ.ಎಂ.ಆರ್. ರಮೇಶ್ 2006ರಲ್ಲಿ ‘ಸಯನೈಡ್’ ಎಂಬ ಕನ್ನಡ ಚಿತ್ರ ನಿರ್ದೇಶಿಸಿದರು.)

<b>ಇಪ್ಪತ್ತಾರರಿಂದ ಏಳಕ್ಕೆ</b>

ಹತ್ಯೆಯ ವರ್ಷ ತುಂಬುವ ಮುನ್ನಾದಿನ, 1992ರ ಮೇ 20ರಂದು ಆರೋಪಪಟ್ಟಿ ಸಲ್ಲಿಕೆಯಾಯಿತು. ಅದರಲ್ಲಿ 41 ಹೆಸರುಗಳು. 12 ಮಂದಿ ಆಗಲೇ ಸತ್ತಿದ್ದರು. ಪ್ರಭಾಕರನ್, ಪೊಟ್ಟು ಅಮ್ಮಾನ್ ಮತ್ತು ಅಖಿಲಾ ತಲೆಮರೆಸಿಕೊಂಡಿದ್ದರು. ಉಳಿದ 26 ಮಂದಿಯ ವಿಚಾರಣೆ ಪೂನಮಲ್ಲಿಯ ಟಾಡಾ ನ್ಯಾಯಾಲಯದಲ್ಲಿ ಗೋಪ್ಯವಾಗಿ ನಡೆಯಿತು. 288 ಸಾಕ್ಷಿಗಳ ವಿಚಾರಣೆಯ ನಂತರ 1998ರ ಜನವರಿ 28ರಂದು ನ್ಯಾಯಾಧೀಶ ವಿ. ನವನೀತಂ ಅಷ್ಟೂ ಮಂದಿಗೆ ಮರಣದಂಡನೆ ವಿಧಿಸಿದರು. ಶಿವರಸನ್‌ಗೆ ಆಶ್ರಯ ಕೊಟ್ಟ ಆರೋಪ ಹೊತ್ತಿದ್ದ ಬೆಂಗಳೂರಿನ ನಿವಾಸಿಯೂ ಅವರಲ್ಲಿ ಒಬ್ಬರು.

ತನಿಖಾ ದಳಕ್ಕೆ ಇದು ಸಂಪೂರ್ಣ ಗೆಲುವಿನಂತೆ ಕಂಡಿತು. ಆದರೆ 1999ರ ಮೇ 11ರಂದು ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್, ಡಿ.ಪಿ. ವಾಧ್ವಾ ಮತ್ತು ಸೈಯದ್ ಷಾ ಮೊಹಮ್ಮದ್ ಖಾದ್ರಿ ಅವರ ಪೀಠ 19 ಮಂದಿಯನ್ನು ಬಿಡುಗಡೆ ಮಾಡಿತು. ನಾಲ್ವರ ಮರಣದಂಡನೆ ಉಳಿಯಿತು, ಮೂವರದು ಜೀವಾವಧಿಗೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಈ ಹತ್ಯೆ ಟಾಡಾ ಕಾಯ್ದೆಯ ಅರ್ಥದಲ್ಲಿ ಭಯೋತ್ಪಾದಕ ಕೃತ್ಯವಲ್ಲವೆಂದು ಪೀಠ ತೀರ್ಮಾನಿಸಿತು. ಕೊಲೆ ಮತ್ತು ಒಳಸಂಚು ಸಾಬೀತಾದವು, ಸರ್ಕಾರವನ್ನು ಬೆದರಿಸುವ ಉದ್ದೇಶ ಸಾಬೀತಾಗಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಸಾಮಾನ್ಯ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಟಾಡಾದ 15ನೇ ಕಲಮು ಮಾತ್ರ ಎಸ್‌ಪಿ ದರ್ಜೆಯ ಅಧಿಕಾರಿ ದಾಖಲಿಸಿಕೊಂಡ ಹೇಳಿಕೆಯನ್ನು ಸಾಕ್ಷ್ಯವೆಂದು ಒಪ್ಪುತ್ತಿತ್ತು. ಟಾಡಾ ಅಪರಾಧ ಬಿದ್ದುಹೋದರೂ ಅದರಡಿ ಪಡೆದ ತಪ್ಪೊಪ್ಪಿಗೆಗಳು ಕೊಲೆಯ ಆರೋಪಕ್ಕೆ ಸಲ್ಲುತ್ತವೆಂದು ನ್ಯಾಯಾಲಯ ಹೇಳಿತು. ಮರಣದಂಡನೆಗಳು ನಿಂತದ್ದು ಬಹುಪಾಲು ಈ ಆಧಾರದ ಮೇಲೆ.

ಈ ಆಧಾರ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು 2013ರಲ್ಲಿ ಎತ್ತಿದವರು ಹೊರಗಿನವರಲ್ಲ, ತಪ್ಪೊಪ್ಪಿಗೆಗಳನ್ನು ದಾಖಲಿಸಿಕೊಂಡ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್. ಎರಡು ಬ್ಯಾಟರಿ ಕೊಂಡುಕೊಟ್ಟ ಪೇರರಿವಾಳನ್, ಅವು ಯಾವುದಕ್ಕೆಂದು ತನಗೆ ತಿಳಿದಿರಲಿಲ್ಲವೆಂದೂ ಹೇಳಿದ್ದ. ಆ ಮಾತನ್ನು ತಾವು ಬರೆದುಕೊಳ್ಳಲಿಲ್ಲವೆಂದು ನಿವೃತ್ತಿಯ ನಂತರ ಅವರು ಒಪ್ಪಿಕೊಂಡರು. ಬಂಧನವಾದಾಗ ಪೇರರಿವಾಳನ್‌ಗೆ 19 ವರ್ಷ. 2014ರ ಫೆಬ್ರವರಿಯಲ್ಲಿ ಅವರೂ ಸೇರಿ ಮೂವರ ಮರಣದಂಡನೆ ಜೀವಾವಧಿಯಾಯಿತು. 2022ರ ಮೇ 18ರಂದು ಅವರು, ನವೆಂಬರ್ 11ರ ಆದೇಶದಂತೆ ಉಳಿದ ಆರು ಮಂದಿ ಬಿಡುಗಡೆಯಾದರು. ಒಬ್ಬ ಮುಖ್ಯಸ್ಥನ ಹೊಣೆ ತನ್ನ ಕೈಕೆಳಗಿನವರು ಬರೆಯದೆ ಬಿಟ್ಟ ವಾಕ್ಯಕ್ಕೂ ಸಲ್ಲಬೇಕೆಂಬ ವಾದವನ್ನು ತಳ್ಳಿಹಾಕುವುದು ಕಷ್ಟ.

ಮತ್ತೊಂದು ಅಪೂರ್ಣತೆ ಗಡಿಯಾಚೆಗಿನದು. ಪ್ರಭಾಕರನ್ ಎಂದೂ ಭಾರತದ ನ್ಯಾಯಾಲಯದ ಮುಂದೆ ಬರಲಿಲ್ಲ. 2002ರ ಏಪ್ರಿಲ್‌ನಲ್ಲಿ ಕಿಲಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಈ ಹತ್ಯೆಯನ್ನು ದುರಂತ ಘಟನೆಯೆಂದಷ್ಟೇ ಕರೆದ ಆತ 2009ರ ಮೇ ತಿಂಗಳಲ್ಲಿ ಶ್ರೀಲಂಕಾ ಸೇನೆಯ ಕಾರ್ಯಾಚರಣೆಯಲ್ಲಿ ಹತನಾದ. 1989ರಲ್ಲಿ ಆಫ್ರಿಕಾದ ಮೇಲೆ ಸ್ಫೋಟಗೊಂಡ ಯುಟಿಎ ವಿಮಾನದ ಪ್ರಕರಣದಲ್ಲಿ ಬ್ರೂಗ್ಯೇರ್ ಕಲೆಹಾಕಿದ ಸಾಕ್ಷ್ಯದ ಮೇಲೆ ಪ್ಯಾರಿಸ್ ನ್ಯಾಯಾಲಯ 1999ರಲ್ಲಿ ಆರು ಲಿಬಿಯನ್ನರನ್ನು ಗೈರುಹಾಜರಿಯಲ್ಲಿಯೇ ಶಿಕ್ಷಿಸಿತು. ತಲೆಮರೆಸಿಕೊಂಡ ಘೋಷಿತ ಅಪರಾಧಿಯ ವಿಚಾರಣೆಯನ್ನು ತೀರ್ಪಿನವರೆಗೆ ನಡೆಸುವ ಅವಕಾಶ ಭಾರತದಲ್ಲಿ ಬಂದದ್ದು 2024ರ ಜುಲೈ 1ರಂದು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ.

<b>ಎರಡು ತಿಂಗಳ ನಿರ್ದೇಶಕ</b>

ಪೂನಮಲ್ಲಿಯ ತೀರ್ಪು ಬಂದ ಮೂರೇ ದಿನಕ್ಕೆ, 1998ರ ಜನವರಿ 31ರಂದು ಕಾರ್ತಿಕೇಯನ್ ಸಿಬಿಐ ನಿರ್ದೇಶಕರಾದರು. ಮಾರ್ಚ್ 31ಕ್ಕೆ ಆ ಹುದ್ದೆ ಬೇರೆಯವರ ಪಾಲಾಯಿತು. ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿನೀತ್ ನಾರಾಯಣ್ ಪ್ರಕರಣದಲ್ಲಿ ಹೇಳಿ ಆಗ ನಾಲ್ಕು ತಿಂಗಳೂ ಆಗಿರಲಿಲ್ಲ. ಆನಂತರ ಅವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ತನಿಖಾ ವಿಭಾಗದ ಮಹಾನಿರ್ದೇಶಕರಾದರು. 2010ರಲ್ಲಿ ಪದ್ಮಶ್ರೀ ದೊರೆಯಿತು.

ತನಿಖೆಯ ವೃತ್ತಾಂತವನ್ನು ಅವರು 2004ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸಹಲೇಖಕರು ದಳದಲ್ಲಿದ್ದ ರಾಧಾವಿನೋದ್ ರಾಜು. ಮುಂಬೈ ದಾಳಿಯ ನಂತರ ರಾಷ್ಟ್ರೀಯ ತನಿಖಾ ಸಂಸ್ಥೆ ರಚನೆಯಾದಾಗ, 2009ರಲ್ಲಿ ಅದರ ಮೊದಲ ಮಹಾನಿರ್ದೇಶಕರಾದವರು ಇದೇ ರಾಜು. ಆ ಸಂಸ್ಥೆಯ ಕಾಯ್ದೆಯ 15ನೇ ಕಲಮಿನಂತೆ ಅದರ ಪ್ರಕರಣಗಳನ್ನು ನಡೆಸುವ ಅಭಿಯೋಜಕರನ್ನು ಕೇಂದ್ರ ಸರ್ಕಾರವೇ ನೇಮಿಸುತ್ತದೆ.